ಸಂಜೆಮಲ್ಲಿಗೆ ಗೆಡ್ಡೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕೊಳ್ಳಬೇಡಿ

ಕುಶಾಲನಗರದಿಂದ ಮಡಿಕೇರಿಗೆ ಬರುವ ದಾರಿಯಲ್ಲಿ ವ್ಯಾನ್ ನಿಲ್ಲಿಸಿಕೊಂಡು ಯಾರಾದರೂ "ಐದು ಬಣ್ಣದ ಸಂಜೆಮಲ್ಲಿಗೆ ಗೆಡ್ಡೆ" ಅಂತ ಮಾರುತ್ತಿದ್ದರೆ ಗಾಡಿ ನಿಲ್ಲಿಸಬೇಡಿ. ನಾನು ನಿಲ್ಲಿಸಿ ಮೋಸ ಹೋದೆ: 12 ಗೆಡ್ಡೆ, ಒಂದಕ್ಕೆ 120 ರೂಪಾಯಿ, ಒಟ್ಟು 1,440. ಸಂಜೆಮಲ್ಲಿಗೆಗೆ! ಹಿತ್ತಲಲ್ಲಿ ತಾನಾಗಿ ಹುಟ್ಟುವ, ಕಿತ್ತು ಎಸೆದರೂ ಮತ್ತೆ ಬರುವ ಗಿಡಕ್ಕೆ! ಬರೆಯೋಕೂ ನಾಚಿಕೆ.

ನನ್ನನ್ನು ಕೆಡಿಸಿದ್ದು ವ್ಯಾನಿನವನು ತೋರಿಸಿದ ಫೋಟೋ. ಒಂದೇ ಗಿಡದಲ್ಲಿ ಹಳದಿ, ಬಿಳಿ, ಕೆಂಪು ಪಟ್ಟೆ, ಗುಲಾಬಿ, ಜೊತೆಗೆ ನೀಲಿ. ಪಟ್ಟೆ, ಚುಕ್ಕೆ ಇರುವ ಹೂ ನಿಜವಾಗಿಯೂ ಇದೆ, ಒಂದೇ ಗಿಡದಲ್ಲಿ ಎರಡು ಮೂರು ಬಣ್ಣ ಬರುವುದೂ ಇದೆ. ನೀಲಿ ಮಾತ್ರ ಇಲ್ಲ. ಇದರ ಬಣ್ಣ ಬೀಟ್‌ರೂಟ್‌ನ ಜಾತಿಯದು, ಬೀಟಾಲೇನ್. ಅದರಿಂದ ಹಳದಿ ಬರುತ್ತೆ, ಕೆಂಪು ಬರುತ್ತೆ, ರಾಣಿ ಬಣ್ಣ ಬರುತ್ತೆ, ನೀಲಿ ಬರಲ್ಲ. ನೀಲಿ ಹೇಗೆ ಅಂತ ಕೇಳಿದ್ದಕ್ಕೆ "ಪ್ರಿಂಟ್‌ನಲ್ಲಿ ಹಾಗೆ ಕಾಣುತ್ತೆ ಮೇಡಂ, ಅದು ನೇರಳೆ" ಅಂದ. ಇಷ್ಟು ಗೊತ್ತಿದ್ದೂ ತಲೆ ಆಡಿಸಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿದೆ.

ಗೆಡ್ಡೆಗೆಲ್ಲ ಕೆಂಪು ಪುಡಿ ಬಳಿದಿತ್ತು. "ಕೊಳೆಯದ ಹಾಗೆ ಔಷಧಿ ಹಾಕಿದೀವಿ, ತೊಳೀಬೇಡಿ." ತೊಳೀಬೇಡಿ ಅಂತ ಎರಡು ಸಲ ಹೇಳಿದ. ಆಗಲೇ ಅನುಮಾನ ಬರಬೇಕಿತ್ತು.

ನೆಟ್ಟಿದ್ದರಲ್ಲಿ ತಪ್ಪಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೇ ಕೊನೆ. ಒಂದು ಅಡಿ ಎತ್ತರದ ಮಡಿ, ನೀರು ನಿಲ್ಲದ ಹಾಗೆ ಇಳಿಜಾರು. ಕೆಂಪು ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸಮಸಮ. ಗಿಡಕ್ಕೆ ಗಿಡಕ್ಕೆ ಒಂದೂವರೆ ಅಡಿ, ಗೆಡ್ಡೆಯ ಮೇಲೆ ಎರಡು ಇಂಚು ಮಣ್ಣು. ಸಿಲ್ವರ್ ಓಕ್ ನೆರಳಿಲ್ಲದ ಜಾಗ, ಯಾಕಂದರೆ ನೆರಳಲ್ಲಿ ಇದು ಕಾಂಡ ಉದ್ದ ಮಾಡಿಕೊಂಡು ಬಾಗುತ್ತೆ, ಹೂ ಕಡಿಮೆ. ಯೂರಿಯಾ ಒಂದು ಕಾಳೂ ಹಾಕಿಲ್ಲ, ಹಾಕಿದರೆ ಬರೀ ಸೊಪ್ಪು. ಪುಡಿಯೊಳಗೆ ತಲೆ ಯಾವುದು ಬಾಲ ಯಾವುದು ಕಾಣುತ್ತಿರಲಿಲ್ಲ, ದಪ್ಪ ಇರುವ ಕಡೆಯನ್ನು ಮೇಲೆ ಮಾಡಿ ನೆಟ್ಟೆ.

4 ಮೊಳೆತವು. 8 ಇಲ್ಲ. ಆರು ವಾರ ಕಾದು ಅಗೆದೆ. ಐದು ಕೊಳೆತು ಲೋಳೆ. ಮೂರು ಇನ್ನೂ ಗಟ್ಟಿ. ಅವನ್ನು ನಲ್ಲಿ ಕೆಳಗೆ ಹಿಡಿದರೆ ಕೆಂಪು ಪುಡಿ ಇಳಿದುಹೋಯಿತು. ಔಷಧಿಯಲ್ಲ, ಕೆಮ್ಮಣ್ಣು! ಒಳಗೆ ನೋಡಿದರೆ ಎರಡೂ ತುದಿ ಚಾಕುವಿನಲ್ಲಿ ಕೊಯ್ದದ್ದು. ಪೇಪರ್ ಮೇಲೆ ಜೋಡಿಸಿದೆ. ಒಂದರ ಸಣ್ಣ ತುದಿ ಇನ್ನೊಂದರ ದಪ್ಪ ತುದಿಗೆ ಸರಿಯಾಗಿ ಕೂತಿತು. ಮೂಲಂಗಿ ಹಚ್ಚಿದ ಹಾಗೆ ಒಂದು ಗೆಡ್ಡೆಯನ್ನು ಮೂರು ತುಂಡು ಮಾಡಿದ್ದಾನೆ. ನಾಲ್ಕು ಗೆಡ್ಡೆ, ಹನ್ನೆರಡು ತುಂಡು, ಹನ್ನೆರಡರ ದುಡ್ಡು. ಅಡುಗೆಮನೆ ನೆಲದಲ್ಲಿ ಕೂತು ಲೆಕ್ಕ ಹಾಕಿದಾಗ ಆದ ಅವಮಾನ ಹೇಳತೀರದು.

ಸಂಜೆಮಲ್ಲಿಗೆ ಗೆಡ್ಡೆ ಚಿಗುರುವುದು ಕುತ್ತಿಗೆಯಲ್ಲಿ, ಹಳೇ ಕಾಂಡ ಕೂತಿದ್ದ ಜಾಗದಲ್ಲಿ. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿರಲ್ಲ. ಕುತ್ತಿಗೆ ಇಲ್ಲದ ತುಂಡು ಎಷ್ಟೇ ದಪ್ಪ ಇದ್ದರೂ ನಮ್ಮ ಮಳೆಯಲ್ಲಿ ಕೊಳೆಯುತ್ತೆ, ಅಷ್ಟೆ.

ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಉತ್ತರ: "ನೀವು ನೀರು ಜಾಸ್ತಿ ಹಾಕಿದೀರ." ಕಕ್ಕಡದಲ್ಲಿ, ಕೊಡಗಿನ ಜಡಿಮಳೆ ತಿಂಗಳಲ್ಲಿ! ಮಡಿಕೇರಿಯಲ್ಲಿ ಕಕ್ಕಡ ತಿಂಗಳಲ್ಲಿ ಯಾರಪ್ಪ ಗಿಡಕ್ಕೆ ನೀರು ಹಾಕ್ತಾರೆ? ಕೊಯ್ದ ಗುರುತು ತೋರಿಸಿದ್ದಕ್ಕೆ "ಇಲಿ ಕಡಿದಿರಬೇಕು ಮೇಡಂ." ಇಲಿ ಚಾಕು ಹಿಡಿಯುತ್ತಾ?

ಉಳಿದ ನಾಲ್ಕು ಸೆಪ್ಟೆಂಬರ್‌ನ ಕೈಲ್‌ಪೋದ್ ಹಬ್ಬದ ಹೊತ್ತಿಗೆ ಹೂ ಬಿಟ್ಟವು. ನಾಲ್ಕೂ ರಾಣಿ ಬಣ್ಣ. ಪಟ್ಟೆ ಇಲ್ಲ, ಚುಕ್ಕೆ ಇಲ್ಲ, ಬಸ್ ಸ್ಟ್ಯಾಂಡ್ ಹಿಂದೆ ಬೆಳೆಯುವಂಥದ್ದೇ. ಅದಕ್ಕೆ ಬಂದ ಉತ್ತರ: "ಮಳೆಗೆ ಬಣ್ಣ ತೊಳೆದುಹೋಗಿದೆ, ಮುಂದಿನ ವರ್ಷ ಬರುತ್ತೆ." ಬರಲ್ಲ. ಗೆಡ್ಡೆಯಿಂದ ಬಂದ ಗಿಡ ತಾಯಿಗಿಡದ ಬಣ್ಣವನ್ನೇ ಕೊಡುತ್ತೆ. ಬೀಜದ್ದಾದರೆ ಬೇರೆ ಮಾತು, ಕೆಂಪಿಗೆ ಬಿಳಿ ಕೂಡಿದರೆ ಗುಲಾಬಿ ಬರುತ್ತೆ, ಪಟ್ಟೆ ಹೂವಿನ ಬೀಜ ಪಟ್ಟೆಯನ್ನೇ ಕೊಡುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಪಟ್ಟೆಯದೇ ಬೇಕಿದ್ದರೆ ಸಂಜೆ ಐದರ ಮೇಲೆ ಹೋಗಿ, ಹೂ ಅರಳಿದ್ದನ್ನು ಕಣ್ಣಾರೆ ನೋಡಿ ಆ ಗಿಡದ್ದೇ ಗೆಡ್ಡೆ ಕೇಳಿ. ನನಗೆ ಮಾರಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆಮಲ್ಲಿಗೆ ಕಣ್ಣು ಮುಚ್ಚಿರುವ ಹೊತ್ತಲ್ಲಿ. ಗೆಡ್ಡೆ ತೊಳೆದು ಕೊಡಿ ಅನ್ನಿ. ತೊಳೆಯಲ್ಲ ಅಂದರೆ ಬಂದುಬಿಡಿ.

ಸಾದಾ ಬಣ್ಣ ಸಾಕಿದ್ದರೆ ದುಡ್ಡೇ ಬೇಡ, ಅಕ್ಕಪಕ್ಕದವರ ಹತ್ತಿರ ಬೀಜ ಕೇಳಿ. ಹೂವಿಗೆ ಒಂದೇ ಬೀಜ, ಕಪ್ಪಾದ ಮೇಲೆ ಕೀಳಬೇಕು. ರಾತ್ರಿ ನೆನೆಸಿ ಅರ್ಧ ಇಂಚು ಆಳಕ್ಕೆ ಹಾಕಿದರೆ ಒಂದೆರಡು ವಾರದಲ್ಲಿ ಮೊಳೆಯುತ್ತೆ. ಈ ಬೀಜ ಕಾಳುಮೆಣಸಿನ ಹಾಗೇ ಕಾಣುತ್ತೆ, ಆದರೆ ವಿಷ. ಕಾಳುಮೆಣಸು ಒಣಗಿಸುವ ಕಣದ ಹತ್ತಿರ ಈ ಗಿಡ ಬೇಡವೇ ಬೇಡ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿನ್ನೆ ಬಂದ ಮೆಸೇಜು: "ಮುಂದಿನ ವಾರ ಡೇಲಿಯಾ ಗೆಡ್ಡೆ ಬರುತ್ತೆ ಮೇಡಂ, ನಿಮಗೆ ಎಷ್ಟು ಎತ್ತಿಡಲಿ?" ಡೇಲಿಯಾ ಚಿಗುರುವುದೂ ಕುತ್ತಿಗೆಯಲ್ಲೇ. ಆ ದಾರಿಯಲ್ಲಿ ಓಡಾಡುವವರು ನೋಡಿಕೊಳ್ಳಿ.