ಒಂದು '&' ಚಿಹ್ನೆಗೆ ಸುಲಿತದ ಲೆಕ್ಕವೆಲ್ಲ ಹೋಯ್ತು

ಸಿ ಪ್ರೋಗ್ರಾಂ ಒಳಗಿಂದ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಬರೆದಿಟ್ಟ ಕಡತ) ಓಡಿಸೋಕೆ ಸಿಸ್ಟಮ್() ಎಂಬ ಫಂಕ್ಷನ್ ಬಳಸುವವರು ಇದನ್ನೊಮ್ಮೆ ಓದಿ. ನನಗಾದ ಪಜೀತಿ ನಿಮಗೆ ಬೇಡ.

ತೀರ್ಥಹಳ್ಳಿ ಹತ್ತಿರ ಚಿಕ್ಕಪ್ಪನ ಮನೆ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಅದನ್ನು ಬರೆದಿಡಲು ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ಪುಟ್ಟ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಕೊಯ್ಲಿಗೊಂದು ಫೋಲ್ಡರ್. ಕೊಯ್ಲು ಮುಗಿದ ಮೇಲೆ ಫೋಲ್ಡರಿನ ಹೆಸರನ್ನು ಸ್ಪ್ರಿಂಟ್‌ಎಫ್ ಎಂಬ ಪಠ್ಯ ಜೋಡಿಸುವ ಫಂಕ್ಷನ್ನಿನಲ್ಲಿ ಸ್ಕ್ರಿಪ್ಟಿನ ಹೆಸರಿನ ನಂತರ ಅಂಟಿಸಿ ಸಿಸ್ಟಮ್()ಗೆ ಕೊಡುವುದು, ಸ್ಕ್ರಿಪ್ಟ್ ಆ ಫೋಲ್ಡರನ್ನು ಟಾರ್ ಕಮಾಂಡಿನಿಂದ ಒಂದೇ ಕಡತವಾಗಿ ಕಟ್ಟಿ ಪೆನ್‌ಡ್ರೈವಿಗೆ ಹಾಕುವುದು, ಆಮೇಲೆ ಪ್ರೋಗ್ರಾಂ ಮೂಲ ಫೋಲ್ಡರನ್ನು ಅಳಿಸುವುದು. ಅಳಿಸುವ ಅಗತ್ಯವೇ ಇರಲಿಲ್ಲ, ನನ್ನ ಅಚ್ಚುಕಟ್ಟಿನ ಚಟ.

'ಮೇಲ್ತೋಟ' ಸಲೀಸಾಗಿ ಹೋಯಿತು. ಮುಂದಿನ ಸಲ ಎರಡೂ ಕಡೆ ಒಟ್ಟಿಗೆ ಕೊಯ್ದರು. ತಂಗಿ 'ಮೇಲ್ತೋಟ & ಕೆಳತೋಟ' ಅಂತ ಹೆಸರು ಕೊಟ್ಟಳು. ಅವಳದೇನು ತಪ್ಪು?

ಸಿಸ್ಟಮ್() ನಿಮ್ಮ ಸ್ಕ್ರಿಪ್ಟನ್ನು ನೇರ ಓಡಿಸುವುದಿಲ್ಲ, ಇಡೀ ಸಾಲನ್ನು ಶೆಲ್ಲಿನ, ಅಂದರೆ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮಿನ, ಕೈಗೆ ಕೊಡುತ್ತದೆ. ಶೆಲ್ಲಿಗೆ '&' ಅಂದರೆ "ಇಲ್ಲೀವರೆಗಿನದ್ದು ಹಿನ್ನೆಲೆಯಲ್ಲಿ ನಡೀಲಿ" ಅಂತ. ಹಾಗಾಗಿ ಸ್ಕ್ರಿಪ್ಟಿಗೆ ಸಿಕ್ಕಿದ್ದು 'ಮೇಲ್ತೋಟ' ಮಾತ್ರ. ಆ ಫೋಲ್ಡರ್ ಆಗಲೇ ಅಳಿದಿತ್ತು. ಟಾರ್ ಗೊಣಗಿತು, ಆದರೆ ಗೊಣಗುವ ಮೊದಲೇ ಪೆನ್‌ಡ್ರೈವಿನಲ್ಲಿದ್ದ ಹಳೇ ಪ್ರತಿಯ ಮೇಲೆ ಖಾಲಿ ಪ್ರತಿ ಬರೆದಾಗಿತ್ತು. ಇತ್ತ ಶೆಲ್ 'ಕೆಳತೋಟ' ಎಂಬ ಕಮಾಂಡ್ ಹುಡುಕಿ, ಸಿಗದೆ, 127 ಅಂದಿತು; 'ಕಮಾಂಡ್ ಸಿಗಲಿಲ್ಲ' ಅನ್ನೋದಕ್ಕೆ ಅದೇ ಸಂಖ್ಯೆ. ಸಿಸ್ಟಮ್() ಅದನ್ನು 32512 ಎಂದು ಕೊಡುತ್ತದೆ, ಅಂದರೆ 127ರ 256 ಪಟ್ಟು. ನಾನು ನೋಡುತ್ತಿದ್ದದ್ದು ಉತ್ತರ ಸೊನ್ನೆಗಿಂತ ಕಡಿಮೆಯೇ ಅಂತ ಅಷ್ಟೇ. ಅಲ್ಲವಲ್ಲ! ಎಲ್ಲ ಸರಿಯಾಯಿತು ಅಂದುಕೊಂಡು ಪ್ರೋಗ್ರಾಂ ಹೊಸ ಫೋಲ್ಡರನ್ನೂ ಅಳಿಸಿತು. ಎರಡು ಕೊಯ್ಲಿನ ಲೆಕ್ಕ ಒಂದೇ ಏಟಿಗೆ.

ಸುಲಿದವರು ಬಾಯಲ್ಲೇ ಲೆಕ್ಕ ಒಪ್ಪಿಸಿದರು. ಚಿಕ್ಕಪ್ಪ ಮರುಮಾತಿಲ್ಲದೆ ಕೊಟ್ಟರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಹೆಸರಿನ ಸುತ್ತ ಕೋಟ್ ಹಾಕಿದರೆ ಸಾಕು ಅಂತೀರೇನೋ. ಹೆಸರಿನೊಳಗೇ ಕೋಟ್ ಬಂದರೆ ಮತ್ತದೇ ಕಥೆ, ಯಾರಾದರೂ ಬೇಕಂತಲೇ ಸೆಮಿಕೋಲನ್ ಹಾಕಿ ಬೇರೆ ಕಮಾಂಡ್ ತುರುಕಿದರಂತೂ ಕೇಳುವುದೇ ಬೇಡ. ಕಮಾಂಡ್ ಓಡಿಸುವ ಇನ್ನೊಂದು ಫಂಕ್ಷನ್ ಪೋಪನ್() ಬಳಸಿದರೂ ಮಧ್ಯೆ ಅದೇ ಶೆಲ್. ಈಗ ನಾನು ಫೋರ್ಕ್()ನಿಂದ ಪ್ರೋಗ್ರಾಮಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಶೆಲ್ ಇಲ್ಲದೆ ನೇರ ಓಡಿಸುವ ಎಕ್ಸೆಕ್‌ವಿ()ಗೆ ಸ್ಕ್ರಿಪ್ಟಿನ ದಾರಿ, ಫೋಲ್ಡರಿನ ಹೆಸರು ಎರಡನ್ನೂ ಬೇರೆ ಬೇರೆ ಆರ್ಗ್ಯುಮೆಂಟಾಗಿ ಕೊಡುತ್ತೇನೆ, ಆಗ '&' ಬರೀ ಅಕ್ಷರವಾಗಿ ತಲುಪುತ್ತದೆ. ಸ್ಕ್ರಿಪ್ಟಿನೊಳಗೂ $1 ಅನ್ನು (ಅಲ್ಲಿಗೆ ಬಂದ ಫೋಲ್ಡರಿನ ಹೆಸರು) ಡಬಲ್ ಕೋಟಿನಲ್ಲಿ ಇಡದಿದ್ದರೆ ಹೆಸರಿನ ನಡುವಿನ ಖಾಲಿ ಜಾಗಕ್ಕೆ ಮತ್ತೆ ಒಡೆಯುತ್ತದೆ. ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯುವ ವೇಟ್‌ಪಿಡ್()ನಿಂದ ಬಂದ ಉತ್ತರವನ್ನು ಡಬ್ಲ್ಯುಐಎಫ್‌ಎಕ್ಸಿಟೆಡ್ (ಸರಿಯಾಗಿ ಮುಗಿಯಿತೇ), ಡಬ್ಲ್ಯುಎಕ್ಸಿಟ್‌ಸ್ಟೇಟಸ್ (ಯಾವ ಸಂಖ್ಯೆ ಕೊಟ್ಟಿತು) ಹಾಕಿಯೇ ಓದಬೇಕು. ಸೊನ್ನೆ ಬಂದರೆ ಮಾತ್ರ ಗೆದ್ದ ಹಾಗೆ.

ಅಳಿಸುವ ಸಾಲನ್ನು ಕಿತ್ತೇ ಹಾಕಿದ್ದೇನೆ.