ಒಂದೇ ಗ್ಯಾಸ್ಕೆಟ್, ಮೂರು ಬಗೆಯ ಆಫ್‌ಸೆಟ್

ಗೋಣಿಕೊಪ್ಪದ ನಮ್ಮ ವರ್ಕ್‌ಶಾಪಿಗೆ ಕಾಫಿ ಪಲ್ಪರ್‌ಗಳು (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರಗಳು) ರಿಪೇರಿಗೆ ಬರುವುದು ಮಳೆಗಾಲದಲ್ಲೇ ಜಾಸ್ತಿ. ಕೊಯ್ಲಿಗೆ ಮುಂಚೆ ರೆಡಿ ಆಗಬೇಕಲ್ವಾ? ಈ ಸಲ ಒಂದು ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಅಂದರೆ ಸಂದಿಯಲ್ಲಿ ಸೋರದಂತೆ ಕೂರಿಸುವ ಪಟ್ಟಿ, ಬೇಕಿತ್ತು. ಹೊರ ಅಳತೆ 180 x 120 ಮಿ.ಮೀ., ಮೂಲೆಯ ರೇಡಿಯಸ್ 8, ಪಟ್ಟಿಯ ಅಗಲ 6. ಲಿಬ್ರೆಕ್ಯಾಡ್, ಫ್ಯೂಷನ್, ಫ್ರೀಕ್ಯಾಡ್ ಎಂಬ ಮೂರು ಡ್ರಾಯಿಂಗ್ ಸಾಫ್ಟ್‌ವೇರಲ್ಲೂ ಅದನ್ನೇ ಬಿಡಿಸಿದೆ. ಹೊರಗೆರೆಯಿಂದ ಪಟ್ಟಿಯ ಅಗಲದಷ್ಟು ದೂರಕ್ಕೆ ಒಳಗೆರೆ ಎಳೆಯುವುದಕ್ಕೇ ಆಫ್‌ಸೆಟ್ ಅನ್ನುವುದು.

ಲಿಬ್ರೆಕ್ಯಾಡ್‌ನಲ್ಲಿ ಸಮಾಂತರ ಗೆರೆ ಬೇಗ ಬರುತ್ತದೆ. ಆದರೆ ಅದು ಬರೀ ನಕಲು. ಹೊರಗಿನ 180ನ್ನು 184 ಮಾಡಿದರೆ ಒಳಗೆರೆ ಇದ್ದಲ್ಲೇ ಇರುತ್ತದೆ. ಅಳತೆ ಬದಲಾಗದ ಕೆಲಸಕ್ಕೆ ಇದೇ ಸಾಕು.

ಫ್ಯೂಷನ್‌ನಲ್ಲಿ ಇಡೀ ಸುತ್ತನ್ನು ಒಂದೇ ಸಲ ಆರಿಸಿ 6 ಕೊಟ್ಟರೆ ಆಯಿತು. ಆ ಅಳತೆ ಸ್ಕೆಚ್ಚಲ್ಲೇ ಉಳಿಯುತ್ತದೆ. ಡಬಲ್ ಕ್ಲಿಕ್ ಮಾಡಿ ಬದಲಿಸಬಹುದು, ಹೊರಗೆರೆ ಸರಿದರೆ ಒಳಗಿನದೂ ಸರಿಯುತ್ತದೆ. ಅದೇ ಜಾಗಕ್ಕೆ ಇನ್ನೊಂದು ಅಳತೆ ಹಾಕಲು ಹೋದರೆ ಎಚ್ಚರಿಸುತ್ತದೆ. ಒಪ್ಪಿದರೆ ಅದನ್ನು ಬ್ರ್ಯಾಕೆಟ್ಟಲ್ಲಿ, ಬರೀ ಓದಲು ಇಡುತ್ತದೆ. ಆಫ್‌ಸೆಟ್ಟಿನ ಮಟ್ಟಿಗೆ ಮೂರರಲ್ಲಿ ಇದೇ ಸಲೀಸು.

2024ರಲ್ಲಿ ಬಂದ ಫ್ರೀಕ್ಯಾಡ್ 1.0ರ ಸ್ಕೆಚರ್‌ನಲ್ಲೂ (ಸ್ಕೆಚ್ ಬಿಡಿಸುವ ಭಾಗ) ಆಫ್‌ಸೆಟ್ ಇದೆ. ಆದರೆ ಕನ್‌ಸ್ಟ್ರೇಂಟ್ (ಗೆರೆಯನ್ನು ಅಳತೆಗೆ ಕಟ್ಟಿಹಾಕುವ ನಿಯಮ) ಸೇರಿಸುವ ಆಯ್ಕೆಗೆ ನೀವೇ ಟಿಕ್ ಹಾಕಬೇಕು. ಮೊದಲ ಸಲ ನಾನು ಹಾಕಿರಲಿಲ್ಲ. ಮೌಸಲ್ಲಿ ಹಿಡಿದು ಎಳೆದರೆ ಒಳಗೆರೆ ಒಂದೇ ಜಾರಿತು. ಎರಡನೇ ಸಲ ಟಿಕ್ ಹಾಕಿದೆ, ಸಾಲದ್ದಕ್ಕೆ ಒಂದು ಬದಿಗೆ ಕೈಯಾರೆ ಇನ್ನೊಂದು 6 ಕೊಟ್ಟೆ. ಕನ್‌ಸ್ಟ್ರೇಂಟ್ ಹೆಚ್ಚಾಗಿದೆ ಎಂದು ಸಂದೇಶ ಬಂತು. ಕೊನೆಗೆ ಹಾಕಿದ್ದನ್ನು ಅಳಿಸಿದರೆ ಸಾಕು. ಎಲ್ಲ ಅಳತೆಯೂ ಕೂತ ಮೇಲೆ ಗೆರೆ ಹಸಿರಾಗುತ್ತದೆ. ಆ ಹಸಿರು ಕಾಣುವ ತನಕ ನಾನು ಮುಂದೆ ಹೋಗುವುದಿಲ್ಲ.

ಅಷ್ಟರಲ್ಲಿ ಮುಚ್ಚಳದ ಅಂಚು ತುಕ್ಕು ತಿಂದಿದ್ದು ಕಂಡಿತು. ಪಟ್ಟಿ 10 ಮಿ.ಮೀ. ಬೇಕಾಯಿತು. ಇಲ್ಲಿ ಯಾವ ಸಾಫ್ಟ್‌ವೇರ್ ಆದರೂ ಒಂದೇ. ಅಗಲ 6 ಇದ್ದಾಗ ಒಳಮೂಲೆಯ ರೇಡಿಯಸ್ 8ರಲ್ಲಿ 6 ಕಳೆದು 2 ಉಳಿಯುತ್ತಿತ್ತು. 10 ಕಳೆಯಲು ಹೋದರೆ ಕಮಾನಿಗೆ ಜಾಗವೇ ಇಲ್ಲ. ಅಳತೆ ಬದಲಿಸಿದಾಗ ಸ್ಕೆಚ್ ಕೆಡಲು ಇದೂ ಒಂದು ಕಾರಣ. ಸುಮ್ನೆ ಸಾಫ್ಟ್‌ವೇರನ್ನು ಬೈಯಬೇಡಿ, ಮೊದಲು ರೇಡಿಯಸ್ ನೋಡಿ. ನಾನು ಹೊರಮೂಲೆಯನ್ನು 12 ಮಾಡಿದೆ, ಒಳಗೆ 2 ಬಂತು.

ನಾನು ಉಳಿಸಿಕೊಂಡಿದ್ದು ಫ್ರೀಕ್ಯಾಡ್. ಜೋರು ಮಳೆಗೆ ನಮ್ಮಲ್ಲಿ ನೆಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಫ್ಯೂಷನ್ ಫೈಲನ್ನು ಮುಖ್ಯವಾಗಿ ನೆಟ್ ಮೂಲಕ ಕ್ಲೌಡಲ್ಲಿ ಇಡುತ್ತದೆ, ನನಗೋ ಫೈಲ್ ನನ್ನ ಡಿಸ್ಕಲ್ಲೇ ಇರಬೇಕು. ರಬ್ಬರ್ ಕತ್ತರಿಸುವ ಮುಂಚೆ 1:1 ಪ್ರಿಂಟ್ ತೆಗೆದು ಮುಚ್ಚಳದ ಮೇಲಿಟ್ಟು ನೋಡಿದೆ. ತುಕ್ಕಿನ ಗುಂಡಿಗಳೆಲ್ಲ ಕಾಗದದ ಪಟ್ಟಿಯ ಕೆಳಗೆ ಮುಚ್ಚಿಹೋದವು.