ಮೈಗ್ರೇನ್‌ಗೆ ಹಸಿರು ದೀಪ: ಒಂದು ವರ್ಷ ಬಳಸಿದ ಮೇಲೆ

ಹಸಿರು ದೀಪದಡಿ ಕೆಂಪು ಅನ್ನುವುದೇ ಇರುವುದಿಲ್ಲ. ಮಿಡಿ ಉಪ್ಪಿನಕಾಯಿ ಕಪ್ಪು, ಅತ್ತೆಯ ಹಣೆಯ ಕುಂಕುಮ ಕಪ್ಪು. ಮೊದಲ ದಿನ ಅತ್ತೆ ಬಾಗಿಲಲ್ಲೇ ನಿಂತು, "ಎಂಥ ಮಾರಾಯ್ತಿ ಇದು, ಯಕ್ಷಗಾನದ ರಾಕ್ಷಸ ಬರ್ಲಿಕ್ಕುಂಟಾ?" ಅಂತ ಕೇಳಿದ್ದರು. ಈಗ ಅವರೂ ಬಂದು ಪಕ್ಕದಲ್ಲಿ ಕೂರುತ್ತಾರೆ.

ನಾನು ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಕೂರುವವಳು. ಇಡೀ ದಿನ ನೆತ್ತಿ ಮೇಲೆ ಬಿಳಿ ಎಲ್‌ಇಡಿ, ಕಣ್ಣೆದುರು ಕಂಪ್ಯೂಟರ್. ಅರ್ಧ ತಲೆನೋವು ಕಾಲೇಜಿನಿಂದಲೇ ಇದೆ. ನೋವಿನ ಮಾತ್ರೆ ಪದೇಪದೇ ನುಂಗಿದರೆ ಅದರಿಂದಲೇ ತಲೆನೋವು ಬರಲು ಶುರುವಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ ಈ ದೀಪ ತರಿಸಿದೆ. ಬೆಲೆ ಎರಡು ಸಾವಿರದೊಳಗೆ.

ಇದು ಬರೀ ಬುರುಡೆಯಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನೋವಿನ ವೈದ್ಯ ಮೊಹಾಬ್ ಇಬ್ರಾಹಿಂ ತಂಡ ಮೊದಲು ಇಲಿಗಳ ಮೇಲೆ ನೋಡಿತು. ಹಸಿರು ಬೆಳಕಲ್ಲಿಟ್ಟ ಇಲಿಗಳಿಗೆ ನೋವು ಕಮ್ಮಿಯಾಯಿತು. ಹಸಿರು ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ಇಲಿಗಳಿಗೂ ಅದೇ. ಬೆಳಕು ಒಳಬಿಡದ ಲೆನ್ಸ್ ಹಾಕಿದವಕ್ಕೆ ಏನೂ ಆಗಲಿಲ್ಲ. ಅಂದರೆ ಕೆಲಸ ಆಗುವುದು ಕಣ್ಣಿನ ಮೂಲಕ. 2020ರಲ್ಲಿ 29 ಮೈಗ್ರೇನ್ ರೋಗಿಗಳು ದಿನಕ್ಕೆ ಒಂದೆರಡು ಗಂಟೆ, ಹತ್ತು ವಾರ ಹಸಿರು ಬೆಳಕಲ್ಲಿ ಕೂತರು. ತಲೆನೋವಿನ ದಿನಗಳು ಸರಾಸರಿ 60%ದಷ್ಟು ಇಳಿದವು. ಆದರೆ 29 ಮಂದಿ ಅಂದರೆ ನಮ್ಮ ಕುಟುಂಬದ ಒಂದು ಸೀಮಂತಕ್ಕೆ ಬರುವಷ್ಟು ಜನವೂ ಅಲ್ಲ. ತಮ್ಮ ಮೇಲೆ ಬೀಳುತ್ತಿರುವುದು ಯಾವ ಬೆಳಕು ಅನ್ನುವುದೂ ಅವರಿಗೆ ಗೊತ್ತಿತ್ತು, ಹಾಗಾಗಿ ಇದರಲ್ಲಿ ನಂಬಿಕೆಯ ಪಾಲೆಷ್ಟು ಅಂತ ಹೇಳಲಾಗದು.

ನನ್ನ ಕ್ರಮ ಇಷ್ಟು: ಗಂಜಿ ಊಟ ಮುಗಿಸಿ, ಕಿಟಕಿ ಹಾಕಿ, ಫೋನನ್ನು ಫ್ರಿಡ್ಜ್ ಮೇಲಿಟ್ಟು ಕೋಣೆಗೆ ಬರುವುದು. ಬೇರೆ ಯಾವ ಲೈಟೂ ಇರಬಾರದು. ದೀಪವನ್ನೇ ದಿಟ್ಟಿಸಬಾರದು, ನಿದ್ದೆಯನ್ನೂ ಮಾಡಬಾರದು. ಹಾಗಾಗಿ ಕೈಗೊಂದು ಕೆಲಸ ಬೇಕು. ಮಳೆಗಾಲದಲ್ಲಿ ಹಲಸಿನ ಬೀಜ ಸುಲಿಯುತ್ತೇನೆ. ಮೇಲಿನ ಬಿಳಿ ಸಿಪ್ಪೆ ತೆಗೆದರೆ ಒಳಗಿನ ಕೆಂಗಂದು ಪೊರೆ ಹಸಿರು ಬೆಳಕಿಗೆ ಕಡುಕಪ್ಪಾಗಿ ಕಾಣುತ್ತದೆ, ಎಲ್ಲಿ ಹೆರೆಯಲು ಬಾಕಿ ಅಂತ ಥಟ್ಟನೆ ಗೊತ್ತಾಗುತ್ತದೆ. ಟ್ಯೂಬ್‌ಲೈಟಲ್ಲಿ ಇಷ್ಟು ಚಂದ ಕಾಣುವುದಿಲ್ಲ. ಸಾರಿಗೆ ಬೀಜ ರೆಡಿ, ತಲೆಯೂ ಹಗುರ.

ಸಿಟ್ಟು ಬರುವುದು ಡಿಮ್ಮರ್ ಮೇಲೆ. ಬೆಳಕು ಮಂದವಾಗಿದ್ದರೇ ಒಳ್ಳೆಯದು, ಆದರೆ ಇದನ್ನು ತಗ್ಗಿಸಿದ ದಿನಗಳಲ್ಲಿ ಕಣ್ಣಿನ ಹಿಂದೆ ಚುಚ್ಚಲು ಶುರು. ಮೊಬೈಲ್ ಕ್ಯಾಮರಾ ಹಿಡಿದು ನೋಡಿದರೆ ಪರದೆ ತುಂಬ ಕಪ್ಪು ಪಟ್ಟಿಗಳು ಓಡುತ್ತಿವೆ! ಅಗ್ಗದ ಡಿಮ್ಮರ್ ಬೆಳಕನ್ನು ನಿಜವಾಗಿ ತಗ್ಗಿಸುವುದಿಲ್ಲ, ಕಣ್ಣಿಗೆ ತಿಳಿಯದಷ್ಟು ಬೇಗಬೇಗ ಆರಿಸಿ ಹೊತ್ತಿಸುತ್ತದೆ. ಮಿಣುಕು ಬೆಳಕೆಂದರೆ ಮೈಗ್ರೇನ್‌ನವರಿಗೆ ಆಗಿಬರುವುದಿಲ್ಲ. ಇದನ್ನು ನಮಗೇ ಅಂತ ಮಾರುತ್ತಾರಲ್ಲ! ಮಾರಿದವರಿಗೆ ಬರೆದರೆ "ಮ್ಯಾನ್ಯುವಲ್ ನೋಡಿ" ಎಂಬ ಉತ್ತರ ಬಂತು. ಈಗ ಫುಲ್ ಬೆಳಕಿಟ್ಟು ದೀಪವನ್ನು ಗೋಡೆಗೆ ತಿರುಗಿಸಿಡುತ್ತೇನೆ. ಪಟ್ಟಿ ಮಾಯ, ಚುಚ್ಚುವುದೂ ಇಲ್ಲ.

ಫಲ? ಮಲಗಿಯೇ ಬಿಡುವಂಥ ದಿನಗಳು ಸುಮಾರು ಅರ್ಧಕ್ಕಿಳಿದಿವೆ, ಕ್ಯಾಲೆಂಡರಿನ ಗುರುತುಗಳೇ ಹೇಳುತ್ತವೆ. ಅದರಲ್ಲಿ ಫೋನಿಲ್ಲದ ಒಂದು ಗಂಟೆಯ ಪಾಲೂ ಇದೆ. ಏಪ್ರಿಲ್‌ನ ಸೆಕೆಗೆ ಬರುವ ನೋವು ಮಾತ್ರ ಜಗ್ಗಲಿಲ್ಲ. ನಮ್ಮವರ ಮಂಡಿನೋವಿಗೂ ಏನೂ ಆಗಲಿಲ್ಲ. ಡಾಕ್ಟರು ಕೊಟ್ಟ ದಿನದ ಮಾತ್ರೆ ನಾನು ಬಿಟ್ಟಿಲ್ಲ, ನೀವೂ ಬಿಡಬೇಡಿ.

ತರಿಸುವುದಾದರೆ ಡಿಮ್ಮರ್ ಇಲ್ಲದ್ದು ತರಿಸಿ, ಬಂದ ದಿನವೇ ಕ್ಯಾಮರಾ ಹಿಡಿದು ನೋಡಿ, ಪಟ್ಟಿ ಕಂಡರೆ ವಾಪಸ್ ಕಳಿಸಿ. ಐದಕ್ಕೆ ಮೂರು ಸ್ಟಾರ್. ಡಬ್ಬಿಯ ಮೇಲೆ "ಎಲ್ಲ ನೋವಿಗೂ ರಾಮಬಾಣ" ಅಂತ ಅಚ್ಚು ಹಾಕಿದ್ದಕ್ಕೇ ಒಂದು ಸ್ಟಾರ್ ಕಟ್.